ನೀರು ಬಿತ್ತು ಸರಿ, ಗೊತ್ತಿತ್ತಾ?

ಬೋರ್ ಕೊರೆಸಿ ನೀರು ಬಿದ್ದ ದಿನ, ಪಾಯಿಂಟ್ ಮಾಡಿಕೊಟ್ಟವರನ್ನು ಯಾರೂ "ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳುವುದಿಲ್ಲ. ನೀರು ಬಂದಿದೆಯಲ್ಲ, ಇನ್ನೇನು ಕೇಳೋದು. ಲಾರಿ ಪಕ್ಕದಲ್ಲಿ ಕೆಸರು ನೀರು ಚಿಮ್ಮುತ್ತಿರುತ್ತದೆ, ಮಕ್ಕಳು ಅದರಲ್ಲೇ ಕುಣಿಯುತ್ತಿರುತ್ತಾರೆ, ಮನೆಯವರು ಪೂಜೆಗೆ ಅರಿಶಿನ ಕುಂಕುಮ ತರಲು ಓಡಿರುತ್ತಾರೆ. ಬೋರ್ ಫೇಲಾದ ದಿನವೂ ಕೇಳುವುದಿಲ್ಲ. ಆವತ್ತು ಯಾರಿಗೂ ಮಾತಾಡುವ ಮನಸ್ಸೇ ಇರುವುದಿಲ್ಲ. ಅಡಿಗೆ ಇಷ್ಟು ಅಂತ ಲೆಕ್ಕ ಹಾಕಿ, ಸಾಲ ತಂದ ದುಡ್ಡನ್ನು ಎಣಿಸಿ ಕೊಟ್ಟು, ಲಾರಿ ಕಳಿಸಿ, ತೂತಿನ ಮೇಲೆ ಒಂದು ಚಪ್ಪಡಿ ಎಳೆದು ಬರುತ್ತಾರೆ. ಹೀಗಾಗಿ ಆ ಪ್ರಶ್ನೆ ಕೇಳುವ ದಿನವೇ ಬರುವುದಿಲ್ಲ.

ನನಗೆ ಮಾತ್ರ ಅದು ತಲೆಯಿಂದ ಹೋಗುವುದಿಲ್ಲ. "ಜ್ಞಾನ ಎಂದರೇನು" ಅಂತ ಶುರು ಮಾಡಿದರೆ ಯಾರೂ ಓದಲ್ಲ, ನಾನೂ ಓದಲ್ಲ. ಆದರೆ ಬೋರ್‌ವೆಲ್ ಪಾಯಿಂಟ್ ಮುಂದೆ ನಿಂತುಕೊಂಡರೆ ಅದೇ ಪ್ರಶ್ನೆ ಕಾಲಡಿಗೇ ಬಂದು ನಿಲ್ಲುತ್ತದೆ, ಅದೂ ಲಕ್ಷಗಟ್ಟಲೆ ರೂಪಾಯಿ ಕಟ್ಟಿಕೊಂಡು.

ನಮ್ಮೂರು ಶಿರಾ ಕಡೆ. ಅಲ್ಲಿ ನೀರು ನೋಡುವವರು ಇಲ್ಲದೆ ಬೋರ್ ಇಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದ ಉದ್ದಕ್ಕೂ ನಿಧಾನಕ್ಕೆ ನಡೆಯುತ್ತಾರೆ. ಒಂದು ಕಡೆ ಕಾಯಿ ಮೆಲ್ಲಗೆ ಎದ್ದು ನಿಲ್ಲುತ್ತದೆ. ಕೆಲವರದು ಬೇವಿನ ಕವಲು ಕಡ್ಡಿ, ಇನ್ನು ಕೆಲವರದು ತಾಮ್ರದ ಸರಳು. ಕಾಯಿ ನಿಂತ ಜಾಗದಲ್ಲಿ ಒಂದು ಕಲ್ಲಿಟ್ಟು, "ಇಲ್ಲಿ ಎರಡು ಸೆಲೆ ಕೂಡ್ತವೆ, ಮುನ್ನೂರೈವತ್ತು ಅಡಿಗೆ ಎರಡೂವರೆ ಇಂಚು ನೀರು" ಅನ್ನುತ್ತಾರೆ. ಅನುಮಾನದ ಒಂದು ಎಳೆಯೂ ಇರದ ದನಿ ಅದು.

ಹೇಳಿದ ಕಡೆಯೇ ಕೊರೆಸಿದಿರಿ, ಮುನ್ನೂರೈವತ್ತರ ಆಸುಪಾಸಿನಲ್ಲೇ ನೀರು ಬಿತ್ತು ಅಂದುಕೊಳ್ಳಿ. ಈಗ ಹೇಳಿ, ಅವರಿಗೆ ಅಲ್ಲಿ ನೀರಿದೆ ಅಂತ ಗೊತ್ತಿತ್ತಾ?

ಅವರು ನಂಬಿದ್ದರು, ಸುಳ್ಳೇನಿಲ್ಲ. ನಂಬಿದ್ದು ನಿಜವೂ ಆಯಿತು. ಆದರೂ "ಗೊತ್ತಿತ್ತು" ಅನ್ನಲು ನಾಲಿಗೆ ಯಾಕೋ ತಡವರಿಸುತ್ತದೆ ಅಲ್ವಾ?

ಈ ತಡವರಿಕೆ ಹೊಸದೇನಲ್ಲ. ಎಂಟನೇ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಧರ್ಮೋತ್ತರ ಎಂಬ ಬೌದ್ಧ ಪಂಡಿತ ಒಂದು ಉದಾಹರಣೆ ಕೊಟ್ಟಿದ್ದಾನೆ. ಮರಳುಗಾಡಿನಲ್ಲಿ ಬಾಯಾರಿದವನೊಬ್ಬ ದೂರದಲ್ಲಿ ನೀರು ಕಂಡು ಓಡುತ್ತಾನೆ. ಅವನು ಕಂಡಿದ್ದು ಬಿಸಿಲ್ಗುದುರೆ. ಆದರೆ ಅಲ್ಲಿಗೆ ಹೋಗಿ ನೋಡಿದರೆ ಬಂಡೆಯ ಕೆಳಗೆ ನಿಜವಾಗಲೂ ನೀರಿದೆ! ಕುಡಿದ, ಬದುಕಿದ. ಹಾಗಾದರೆ ಅವನಿಗೆ ಅಲ್ಲಿ ನೀರಿರುವುದು ಗೊತ್ತಿತ್ತು ಅನ್ನಬಹುದಾ? ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಇದು ನಮ್ಮೂರಿನ ಕಥೆ, ತೆಂಗಿನಕಾಯಿ ಒಂದು ಇಲ್ಲ ಅಷ್ಟೇ.

ಹನ್ನೆರಡನೇ ಶತಮಾನದ ಶ್ರೀಹರ್ಷ ಎಂಬ ಪಂಡಿತನದು ಇನ್ನೂ ತುಂಟ ಉದಾಹರಣೆ. ಒಬ್ಬ ಮುಷ್ಟಿಯಲ್ಲಿ ಕವಡೆ ಮುಚ್ಚಿಟ್ಟುಕೊಂಡು ಎಷ್ಟಿದೆ ಹೇಳು ಅನ್ನುತ್ತಾನೆ. ಇನ್ನೊಬ್ಬ ಬಾಯಿಗೆ ಬಂದಂತೆ "ಐದು" ಅನ್ನುತ್ತಾನೆ. ಮುಷ್ಟಿ ಬಿಚ್ಚಿದರೆ ಐದೇ ಇರುತ್ತವೆ. ಜ್ಞಾನ ಅಂದರೆ ನಿಜವಾದ ತಿಳಿವಳಿಕೆ ಅಂತ ಹೇಳಿ ಕೈತೊಳೆದುಕೊಂಡವರನ್ನು ಶ್ರೀಹರ್ಷ ಇಂಥವೇ ಉದಾಹರಣೆ ಕೊಟ್ಟು ಗೋಳು ಹುಯ್ದುಕೊಳ್ಳುತ್ತಾನೆ. ಪಶ್ಚಿಮದಲ್ಲಿ ಈ ತಕರಾರಿಗೆ ದೊಡ್ಡ ಹೆಸರು ಬಂದಿದ್ದು 1963ರಲ್ಲಿ. ನಂಬಿಕೆ ಇರಬೇಕು, ಅದು ನಿಜವಾಗಿರಬೇಕು, ನಂಬಲು ತಕ್ಕ ಕಾರಣವಿರಬೇಕು, ಈ ಮೂರೂ ಕೂಡಿದರೆ ಜ್ಞಾನ ಅಂತ ಒಂದು ಲೆಕ್ಕ ಇತ್ತು. ಮೂರೂ ಇದ್ದು ಕೂಡ ಅದೃಷ್ಟದ ಆಟ ಆಗಿರಬಹುದು ಅಂತ ಅಮೆರಿಕದ ಎಡ್ಮಂಡ್ ಗೆಟಿಯರ್ ಬರೀ ಮೂರು ಪುಟದ ಲೇಖನದಲ್ಲಿ ತೋರಿಸಿಬಿಟ್ಟರು. ಆಮೇಲೆ ಅದರ ಮೇಲೆ ಬರೆದ ಪುಟಗಳಿಗೆ ಲೆಕ್ಕವಿಲ್ಲ.

ಇಲ್ಲಿ ನಮ್ಮ ಚಿಕ್ಕಪ್ಪ ಕೇಳುವ ಪ್ರಶ್ನೆಯೇ ಸರಿಯಾದ ಪ್ರಶ್ನೆ. "ಗೊತ್ತಿತ್ತೋ ಇಲ್ವೋ ಕಟ್ಕೊಂಡು ನಂಗೇನಾಗ್ಬೇಕೋ? ನೀರು ಬಂತಲ್ಲ!" ಚಿಕ್ಕಪ್ಪನಿಗೆ ಗೊತ್ತಿಲ್ಲ, ಇದನ್ನೇ ಸಾಕ್ರೆಟಿಸ್ ಕೂಡ ಕೇಳಿದ್ದ. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಲಾರಿಸ್ಸಾ ಎಂಬ ಊರಿನ ದಾರಿಯ ಮಾತು ಬರುತ್ತದೆ. ಆ ದಾರಿಯಲ್ಲಿ ಹೋಗಿ ಬಂದವನೂ ನಿಮ್ಮನ್ನು ಊರು ಮುಟ್ಟಿಸುತ್ತಾನೆ, ಒಂದು ಸಲವೂ ಹೋಗದೆ ಸುಮ್ನೆ ಸರಿಯಾಗಿ ಊಹಿಸಿದವನೂ ಮುಟ್ಟಿಸುತ್ತಾನೆ. ಊರು ಸೇರಿದ ಮೇಲೆ ಏನು ವ್ಯತ್ಯಾಸ? ಸಾಕ್ರೆಟಿಸ್‌ನ ಉತ್ತರ ಏನಪ್ಪಾ ಅಂದರೆ, ಸರಿಯಾದ ಊಹೆ ಒಂದು ಕಡೆ ನಿಲ್ಲುವುದಿಲ್ಲ, ಕಾರಣವೆಂಬ ಹಗ್ಗದಿಂದ ಕಟ್ಟಿಹಾಕಿದರೆ ಮಾತ್ರ ನಿಲ್ಲುತ್ತದೆ.

ನನಗೆ ಈ ಉತ್ತರ ಇಷ್ಟ, ಆದರೆ ಬೋರ್ ವಿಷಯಕ್ಕೆ ಬಂದರೆ ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ಒಂದೇ ಬೋರ್ ನೋಡಿದರೆ ಚಿಕ್ಕಪ್ಪನ ಮಾತಿಗೆ ಎದುರಿಲ್ಲ, ನೀರು ನೀರೇ. ವ್ಯತ್ಯಾಸ ಕಾಣುವುದು ಮುಂದಿನ ಬೋರ್‌ನಲ್ಲಿ. ಕಾಯಿ ಎದ್ದು ನಿಂತಿತು, ನೀರು ಬಿತ್ತು. ಪಕ್ಕದ ಹೊಲದಲ್ಲೂ ಕಾಯಿ ಎದ್ದು ನಿಂತಿತು, ನೀರು ಬೀಳಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಏನು ಕಲಿಯುತ್ತೀರಿ? ಏನೂ ಇಲ್ಲ. "ಮುಟ್ಟು ಮೈಲಿಗೆ ಆಗಿತ್ತೇನೋ", "ಕೊರೆಯೋವಾಗ ಪೈಪ್ ಓರೆ ಹೋಯ್ತು", "ಇನ್ನೊಂದು ಐವತ್ತು ಅಡಿ ಬಿಡಬೇಕಿತ್ತು". ಈ ಕಾರಣಗಳೆಲ್ಲ ಬೋರ್ ಫೇಲಾದ ಮೇಲೆ ಹುಟ್ಟಿದವು, ಮುಂದಿನ ಪಾಯಿಂಟಿಗೆ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಗೊತ್ತು ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಇಷ್ಟೇ: ತಪ್ಪಾದಾಗ ಎಲ್ಲಿ ತಪ್ಪಾಯಿತು ಅಂತ ಹುಡುಕಲು ಅದರಲ್ಲಿ ಜಾಗ ಇರಬೇಕು.

ನ್ಯಾಯಶಾಸ್ತ್ರದವರು, ಅಂದರೆ ಕೋರ್ಟಿನವರಲ್ಲ, ನಮ್ಮ ಹಳೆಯ ತರ್ಕದವರು, ಈ ಜಾಗ ಹುಡುಕುವುದರಲ್ಲಿ ನಿಸ್ಸೀಮರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ, ಇದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅವರು ಇದನ್ನು ತಿರುಗಿಸಿ ಕೇಳುತ್ತಾರೆ, ಬೆಂಕಿ ಇದ್ದ ಕಡೆಯೆಲ್ಲ ಹೊಗೆ ಇರುತ್ತದಾ? ಇಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹಾಗಾದರೆ ಒಲೆಯಲ್ಲಿ ಹೊಗೆ ಬಂದಿದ್ದು ಯಾಕೆ? ಸೌದೆ ಹಸಿ ಇತ್ತು. ಕಣ್ಣಿಗೆ ಬೀಳದೆ ಹಿಂದೆ ನಿಂತು ಕೆಲಸ ಮಾಡುವ ಈ ಹಸಿ ಸೌದೆಗೆ ಅವರು ಉಪಾಧಿ ಅನ್ನುತ್ತಾರೆ. ಎರಡು ಸಂಗತಿ ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಗೊತ್ತಾಗುತ್ತದೆ ಅನ್ನಬೇಡಿ, ಮಧ್ಯೆ ಹಸಿ ಸೌದೆ ಇದೆಯಾ ನೋಡಿ ಅನ್ನುವುದು ಅವರ ಮಾತು.

ಇದನ್ನು ಇಟ್ಟುಕೊಂಡು ಹುತ್ತದ ವಿಷಯ ನೋಡೋಣ. ಹುತ್ತದ ಪಕ್ಕ ನೀರು, ಅತ್ತಿಮರದ ಬುಡದಲ್ಲಿ ನೀರು ಅನ್ನುವ ಮಾತು ನಮ್ಮಲ್ಲಿ ಈಗಲೂ ಇದೆ. ಇದು ಸುಮ್ನೆ ಹುಟ್ಟಿದ್ದಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರು ಹುಡುಕುವುದಕ್ಕೇ ಒಂದು ಇಡೀ ಅಧ್ಯಾಯ ಇಟ್ಟಿದ್ದಾನೆ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತ ಇದ್ದರೆ, ಮರದ ದಕ್ಷಿಣಕ್ಕೆ, ಎರಡಾಳು ಆಳದಲ್ಲಿ ಸಿಹಿ ನೀರು ಅನ್ನುತ್ತಾನೆ. ದಿಕ್ಕಿನ ಲೆಕ್ಕ ಎಷ್ಟು ಸರಿಯೋ ಬಿಡಿ. ಆದರೆ ಯೋಚನೆಯ ಬುಡ ಗಟ್ಟಿಯಾಗಿದೆ. ಗೆದ್ದಲಿಗೆ ತೇವ ಬೇಕು, ಕೆಲವು ಮರಗಳಿಗೆ ವರ್ಷವಿಡೀ ಬೇರಿಗೆ ನೀರು ಸಿಗಬೇಕು. ಅವು ಇದ್ದಲ್ಲಿ ಮೇಲುಮಟ್ಟದ ನೀರು ಇರುವ ಸಾಧ್ಯತೆ ಜಾಸ್ತಿ. ಹೊಗೆಗೂ ಬೆಂಕಿಗೂ ಇರುವಂಥ ನಂಟು ಇಲ್ಲೂ ಇದೆ, ಅಷ್ಟು ಗಟ್ಟಿ ಇಲ್ಲದಿರಬಹುದು.

ಈಗ ಎರಡಾಳು ಎಲ್ಲಿ, ಎಂಟುನೂರು ಅಡಿ ಎಲ್ಲಿ. ನಮ್ಮ ಕಡೆ ನೆಲದ ರಚನೆ ಸರಳ. ಮೇಲೆ ಮಣ್ಣು, ಅದರ ಕೆಳಗೆ ಕೊಳೆತ ಕಲ್ಲಿನ ಒಂದು ಪದರ, ಅದರ ಕೆಳಗೆ ಗಟ್ಟಿ ಬಂಡೆ. ತೆರೆದ ಬಾವಿಗಳಿದ್ದ ಕಾಲದಲ್ಲಿ ನೀರು ಸಿಗುತ್ತಿದ್ದುದು ಈ ಮೇಲಿನ ಎರಡು ಪದರಗಳಲ್ಲಿ, ಅಲ್ಲಿ ಮಳೆ ನೀರು ಇಂಗಿ ನಿಲ್ಲುತ್ತಿತ್ತು. ಅದನ್ನು ನಾವು ಪಂಪ್ ಇಟ್ಟು ಎತ್ತಿ ಮುಗಿಸಿದೆವು. ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ಈಗ ಹುಡುಕುತ್ತಿರುವುದು ಬಂಡೆಯ ಬಿರುಕಿನಲ್ಲಿರುವ ನೀರು. ಬಿರುಕು ಇದ್ದರೆ ಇದೆ, ಇಲ್ಲದಿದ್ದರೆ ಇಪ್ಪತ್ತು ಅಡಿ ಆಚೆ ಎರಡಿಂಚು ಹರಿಯುತ್ತಿದ್ದರೂ ಇಲ್ಲಿ ಬರೀ ಧೂಳು. ಆ ಬಿರುಕಿಗೂ ಮೇಲಿರುವ ಹುತ್ತಕ್ಕೂ ಹೆಚ್ಚೇನೂ ನಂಟಿಲ್ಲ. ಗೆದ್ದಲು ಎಂಟುನೂರು ಅಡಿ ಇಳಿಯುವುದಿಲ್ಲ. ಅಂದರೆ ಒಂದು ಕಾಲಕ್ಕೆ ಜ್ಞಾನವೇ ಆಗಿದ್ದ ಒಂದು ಮಾತು, ಒಂದಕ್ಷರ ಬದಲಾಗದೆ, ನಮ್ಮ ಕಣ್ಣೆದುರೇ ಬರೀ ನಂಬಿಕೆಯಾಗಿ ಉಳಿಯಿತು. ಬದಲಾಗಿದ್ದು ನೀರಿನ ಮಟ್ಟ. ತಿಳಿವಳಿಕೆ ಅನ್ನುವುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಆಸ್ತಿ ಅಂದುಕೊಂಡವರಿಗೆ ನಾನು ತೋರಿಸುವುದು ಈ ಹುತ್ತವನ್ನೇ.

ಹಾಗಾದರೆ ತೆಂಗಿನಕಾಯಿ? ಮೊದಲೇ ಹೇಳಿಬಿಡುತ್ತೇನೆ, ನೀರು ನೋಡುವವರು ಮೋಸಗಾರರು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ನಾನು ಕಂಡ ಬಹುತೇಕರು ಪ್ರಾಮಾಣಿಕರು. ಕಾಯಿ ತಾನಾಗಿಯೇ ಎದ್ದಿತು ಅಂತ ಅವರಿಗೆ ನಿಜವಾಗಲೂ ಅನಿಸುತ್ತದೆ. 1853ರಲ್ಲಿ ಲಂಡನ್ನಿನಲ್ಲಿ ಜನ ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಟ್ಟರೆ ಮೇಜು ತಾನೇ ತಿರುಗುತ್ತದೆ, ಆತ್ಮಗಳು ತಿರುಗಿಸುತ್ತವೆ ಅಂತ ಹುಚ್ಚೆದ್ದು ಹೋಗಿದ್ದರು. ವಿದ್ಯುತ್ತಿನ ಕೆಲಸಕ್ಕೆ ಹೆಸರಾದ ಮೈಕೇಲ್ ಫ್ಯಾರಡೆ ಇದನ್ನು ಪರೀಕ್ಷೆ ಮಾಡಲು ಹೊರಟ. ಕೈಗೂ ಮೇಜಿಗೂ ನಡುವೆ ಮೆತ್ತನೆಯ ಅಂಟು ಹಾಕಿದ ರಟ್ಟಿನ ಪದರಗಳನ್ನಿಟ್ಟ. ಮೇಜು ಮೊದಲು ಸರಿದರೆ ಕೆಳಗಿನ ರಟ್ಟು ಮುಂದೆ ಹೋಗಬೇಕು, ಕೈ ಮೊದಲು ಸರಿದರೆ ಮೇಲಿನದು. ಮೇಲಿನದೇ ಮುಂದೆ ಹೋಗಿತ್ತು. ಆಮೇಲೆ ಕೈ ಸರಿದರೆ ತೋರಿಸುವ ಒಂದು ಕಡ್ಡಿಯನ್ನು ಅವರ ಕಣ್ಣೆದುರೇ ಇಟ್ಟ. ಮೇಜು ತಿರುಗುವುದೇ ನಿಂತುಹೋಯಿತು. ಕುಳಿತವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರ ಕೈ ಏನು ಮಾಡುತ್ತಿದೆ ಅಂತ ಅವರಿಗೇ ಗೊತ್ತಿರಲಿಲ್ಲ, ಅಷ್ಟೇ.

ಕಡ್ಡಿ ಹಿಡಿಯುವವರನ್ನೂ ಪರೀಕ್ಷೆ ಮಾಡಿದ್ದಾರೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ, ಒಂದು ಎರಡಂತಸ್ತಿನ ಕಣಜದಂಥ ಕಟ್ಟಡದಲ್ಲಿ. ಕೆಳಗೆ ನೀರು ಹರಿಯುವ ಪೈಪನ್ನು 10 ಮೀಟರ್ ಗೆರೆಯ ಮೇಲೆ ಬೇಕಾದಲ್ಲಿಗೆ ಸರಿಸುತ್ತಿದ್ದರು, ಮೇಲಿನ ಮಹಡಿಯಲ್ಲಿ ಕಡ್ಡಿ ಹಿಡಿದವರು ಪೈಪ್ ಎಲ್ಲಿದೆ ಅಂತ ಗುರುತು ಹಾಕಬೇಕಿತ್ತು. ಸುಮಾರು 500 ಜನರಲ್ಲಿ ಆರಿಸಿದ 43 ಜನ, ಒಟ್ಟು 843 ಸಲ. ಪರೀಕ್ಷೆ ಮಾಡಿದವರು ಕೆಲವರಿಗಾದರೂ ಈ ವಿದ್ಯೆ ಇದೆ ಅಂದರು. ಆಮೇಲೆ ಅದೇ ಅಂಕಿಗಳನ್ನು ಹಿಡಿದು ಕುಳಿತ ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್, ಒಂದು ಸುತ್ತಿನಲ್ಲಿ ಚೆನ್ನಾಗಿ ಮಾಡಿದವರು ಇನ್ನೊಂದು ಸುತ್ತಿನಲ್ಲಿ ಹಾಗೆ ಮಾಡಿಲ್ಲ, ಇದು ಕಣ್ಮುಚ್ಚಿ ಊಹಿಸಿದಂತೆಯೇ ಇದೆ ಅಂತ ತೋರಿಸಿದರು. ಗಮನಿಸಿ, ಅಂಕಿ ಎರಡೂ ಕಡೆಯವರಿಗೆ ಒಂದೇ. ಸರಿಯಾಗಿದ್ದನ್ನು ಮಾತ್ರ ಎಣಿಸಿದರೆ ವಿದ್ಯೆ ಕಾಣುತ್ತದೆ, ಎಲ್ಲವನ್ನೂ ಎಣಿಸಿದರೆ ಕಾಣುವುದಿಲ್ಲ. ನಮ್ಮೂರಿನಲ್ಲೂ ಹಾಗೇ ಅಲ್ವಾ? ನೀರಿರುವ ಬೋರ್ ಹತ್ತಿರ ಮೋಟಾರ್ ಓಡುತ್ತಿರುತ್ತದೆ, ಅದನ್ನು ತೋರಿಸಿದವರ ಹೆಸರು ದಿನಾ ಬಾಯಲ್ಲಿ ಬರುತ್ತದೆ. ಚಪ್ಪಡಿ ಮುಚ್ಚಿದ ಬೋರ್‌ಗೆ ಹೆಸರಿಲ್ಲ.

ಹಾಗಂತ ಮೆಷಿನ್ ತಂದವರನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಅವರು ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಕರೆಂಟ್ ಬಿಟ್ಟು, ನೆಲ ಅದನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಾರೆ. ಒಣ ಬಂಡೆ ಜಾಸ್ತಿ ತಡೆಯುತ್ತದೆ, ನೀರು ಕುಡಿದ ಪದರ ಕಡಿಮೆ. ಆದರೆ ಜೇಡಿಮಣ್ಣೂ ಕಡಿಮೆಯೇ ತಡೆಯುತ್ತದೆ. ಆಳದಲ್ಲಿರುವ ಸಣ್ಣ ಬಿರುಕು ಮೇಲಿನಿಂದ ಅಳೆದರೆ ಕಾಣದೇ ಇರಬಹುದು. ಆದ್ದರಿಂದ ಮೆಷಿನ್ ಪಾಯಿಂಟೂ ಫೇಲಾಗುತ್ತದೆ, ನಾನೇ ನೋಡಿದ್ದೇನೆ. ವ್ಯತ್ಯಾಸ ಎಲ್ಲಿದೆ ಅಂದರೆ, ಫೇಲಾದಾಗ ಕೇಳಲು ಪ್ರಶ್ನೆಗಳಿವೆ. ಅದು ಜೇಡಿಮಣ್ಣಾಗಿತ್ತಾ? ಗೂಟಗಳ ನಡುವಿನ ದೂರ ಸಾಲಲಿಲ್ಲವಾ? ಅವರ ಹಸಿ ಸೌದೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಕೆಲವರು ಈ ಪ್ರಶ್ನೆಗಳನ್ನು ಕೇಳಿಕೊಳ್ಳದೆ ಪ್ರಿಂಟೌಟ್ ಕೊಟ್ಟು ದುಡ್ಡು ತಗೊಂಡು ಹೋಗುತ್ತಾರೆ ಅನ್ನುವುದು ಬೇರೆ ಮಾತು. ಅಂಥವರ ಕೈಯಲ್ಲಿ ಆ ಮೆಷಿನ್ನೂ ತೆಂಗಿನಕಾಯಿಯೇ.

ಚಿಕ್ಕಪ್ಪ ಯಾಕೆ ಇನ್ನೂ ಕಾಯಿ ಹಿಡಿಯುವವರನ್ನೇ ಕರೆಸುತ್ತಾರೆ ಅಂತ ಕೇಳಿದರೆ ಅವರ ಉತ್ತರ ನೇರ. "ಮೆಷಿನ್‌ನೋರು ಎಲ್ಲಿಯೋರೋ ಏನೋ. ಇವರು ನಮ್ಮೋರು, ಬೋರ್ ಹೊಡೆಯೋ ದಿನ ಪಕ್ಕದಲ್ಲಿ ಬಂದು ನಿಲ್ತಾರೆ." ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ನಮಗೆ ಗೊತ್ತು ಅಂತ ನಾವು ಅಂದುಕೊಂಡಿರುವುದರಲ್ಲಿ ಮುಕ್ಕಾಲು ಪಾಲು ಇನ್ನೊಬ್ಬರ ಮಾತು ನಂಬಿ ಬಂದಿದ್ದೇ. ಭೂಮಿ ಸುತ್ತುತ್ತದೆ, ನಮ್ಮ ರಕ್ತದಲ್ಲಿ ಸಕ್ಕರೆ ಇಷ್ಟಿದೆ, ನಾವು ಹುಟ್ಟಿದ ದಿನ ಇಂಥದ್ದು. ಯಾವುದನ್ನೂ ನಾವು ಕಣ್ಣಾರೆ ಕಂಡಿಲ್ಲ. ಬಲ್ಲವರ ಮಾತನ್ನೂ ನಮ್ಮ ತರ್ಕದವರು ಒಂದು ಪ್ರಮಾಣ, ಅಂದರೆ ತಿಳಿಯುವ ಒಂದು ದಾರಿ, ಅಂತಲೇ ಒಪ್ಪಿದ್ದಾರೆ. ಆದರೆ ಯಾರ ಮಾತು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇಲ್ಲಿ ಹೇಳುವ ಮಾತು ನನಗೆ ತುಂಬಾ ಇಷ್ಟ. ವಿಷಯವನ್ನು ಸ್ವತಃ ಕಂಡುಕೊಂಡವನಾಗಿರಬೇಕು, ಕಂಡದ್ದನ್ನು ಕಂಡ ಹಾಗೇ ಹೇಳುವ ಮನಸ್ಸಿರಬೇಕು. ಅಂಥವನೇ ಆಪ್ತ, ಅಂದರೆ ಮಾತು ನಂಬಬಹುದಾದವನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದೊಂದೇ ಲಕ್ಷಣ. ಹುಟ್ಟು ಕೇಳಬೇಡಿ, ಕಂಡಿದ್ದಾನಾ ಕೇಳಿ ಅಂದ ಹಾಗಾಯಿತು, ಅದೂ ಆ ಕಾಲದಲ್ಲಿ.

ಈ ಅಳತೆ ಹಿಡಿದರೆ ನೀರು ನೋಡುವವರು ಅರ್ಧ ಪಾಸು. ಕಂಡ ಹಾಗೆ ಹೇಳುವ ಮನಸ್ಸಿದೆ, ಕಂಡಿಲ್ಲ. ಹಾಗಾದರೆ ನೆಲದೊಳಗನ್ನು ಕಂಡವರು ಯಾರಾದರೂ ಇದ್ದಾರಾ?

ಇದ್ದಾರೆ. ನಾವು ಅವರ ಮುಖವನ್ನೇ ಸರಿಯಾಗಿ ನೋಡಿರುವುದಿಲ್ಲ. ಬೋರ್ ಲಾರಿ ಜೊತೆ ಬರುವ ಹುಡುಗರು. ಎಷ್ಟೋ ರಿಗ್‌ಗಳು ತಮಿಳುನಾಡಿನ ತಿರುಚೆಂಗೋಡಿನವು, ಬೋರ್ ಲಾರಿಗಳಿಗೆ ಆ ಊರು ಅಷ್ಟು ಹೆಸರುವಾಸಿ. ಕೆಲಸದವರು ಇನ್ನೂ ಎಲ್ಲೆಲ್ಲಿಂದಲೋ ಬಂದವರು. ರಾತ್ರಿಯಿಡೀ ಆ ಸದ್ದು, ಆ ಧೂಳಿನಲ್ಲಿ ನಿಂತಿರುತ್ತಾರೆ. ಗಾಳಿಯ ಒತ್ತಡಕ್ಕೆ ಮೇಲೆ ಬರುವ ಪುಡಿ ಬೂದು ಬಣ್ಣದಿಂದ ಕೆಂಪಿಗೆ ತಿರುಗಿದರೆ, ಸ್ವಲ್ಪ ತೇವವಾದರೆ, ಪೈಪ್ ಇದ್ದಕ್ಕಿದ್ದಂತೆ ಬೇಗ ಇಳಿದರೆ, ಹೊಡೆತದ ಸದ್ದು ಬದಲಾದರೆ, ಬಿರುಕು ಸಿಕ್ಕಿತು ಅಂತ ಅವರಿಗೆ ತಿಳಿಯುತ್ತದೆ. ಯಾವ ಊರಿನಲ್ಲಿ ಎಷ್ಟು ಅಡಿಗೆ ಗಟ್ಟಿ ಕಲ್ಲು, ಎಲ್ಲಿ ಗ್ಯಾಪ್, ಎಷ್ಟರ ಮೇಲೆ ಏನೂ ಸಿಗುವುದಿಲ್ಲ, ಇದೆಲ್ಲ ಅವರ ಕೈಯಲ್ಲಿ ಹಾದುಹೋಗಿದೆ. ಧರ್ಮೋತ್ತರ ಬಂದು ಕೇಳಿದರೂ "ಹೌದು, ಇವರಿಗೆ ಗೊತ್ತಿತ್ತು" ಅನ್ನಲು ನಾನು ತಯಾರು.

ಬೆಳಿಗ್ಗೆ ಲಾರಿ ಹೊರಟ ಕೂಡಲೇ ಆ ತಿಳಿವಳಿಕೆಯೂ ಅದೇ ಲಾರಿಯಲ್ಲಿ ಊರು ಬಿಟ್ಟು ಹೋಗುತ್ತದೆ. ಬಿಲ್ಲಿನಲ್ಲಿ ಒಟ್ಟು ಅಡಿ, ಕೇಸಿಂಗ್ ಎಷ್ಟು, ದುಡ್ಡು ಎಷ್ಟು. ನೀರು ಮೊದಲು ಕಂಡಿದ್ದು ಎಷ್ಟಕ್ಕೆ ಅಂತ ಅದರಲ್ಲಿ ಇರುವುದಿಲ್ಲ. ಫೇಲಾದ ಬೋರ್‌ನದಂತೂ ಬಿಲ್ಲನ್ನೇ ಹರಿದು ಹಾಕುತ್ತಾರೆ. ಒಂದೂರಿನಲ್ಲಿ ನೂರಾರು ತೂತು ಕೊರೆದಿರುತ್ತೇವೆ, ಒಂದೊಂದೂ ನೆಲದೊಳಗೆ ಇಣುಕಿ ನೋಡಲು ನಾವೇ ಲಕ್ಷ ಸುರಿದು ಮಾಡಿಕೊಂಡ ಕಿಂಡಿ. ಅಷ್ಟು ಕಿಂಡಿಗಳಿದ್ದೂ ಊರಿಗೆ ತನ್ನ ನೆಲದ ಬಗ್ಗೆ ಗೊತ್ತಿರುವುದು ಏನೂ ಇಲ್ಲ. ನನಗೆ ನಿಜವಾಗಲೂ ಸಿಟ್ಟು ಬರುವುದು ತೆಂಗಿನಕಾಯಿಗಲ್ಲ, ಇದಕ್ಕೆ.

ಅದಕ್ಕೇ ಹೋದ ಬೇಸಿಗೆಯಲ್ಲಿ ಚಿಕ್ಕಪ್ಪನ ತೋಟದಲ್ಲಿ ಬೋರ್ ಹೊಡೆಸುವಾಗ ಒಂದು ನೋಟ್‌ಬುಕ್ ಹಿಡಿದು ರಿಗ್ ಪಕ್ಕ ಕುಳಿತೆ. ಎಷ್ಟು ಅಡಿಗೆ ಪುಡಿಯ ಬಣ್ಣ ಬದಲಾಯಿತು, ಎಲ್ಲಿ ತೇವ, ಎಲ್ಲಿ ಪೈಪ್ ಸರ್ರಂತ ಇಳಿಯಿತು. ರಿಗ್ಗಿನ ಹುಡುಗ ಮೊದಲು ನಕ್ಕ, ಆಮೇಲೆ ತಾನೇ "ಅಣ್ಣಾ, ಇದು ಬರ್ಕೊಳ್ಳಿ" ಅಂತ ಕೂಗಿ ಹೇಳತೊಡಗಿದ. ಹತ್ತಿರದ ಐದಾರು ತೋಟದವರನ್ನು ಕೇಳಿ ಅವರಿಗೆ ನೆನಪಿದ್ದಷ್ಟನ್ನೂ ಸೇರಿಸಿದೆ, ಫೇಲಾದವನ್ನೂ ಬಿಡದೆ. ನೆನಪುಗಳು ಒಂದಕ್ಕೊಂದು ಹೊಂದಲಿಲ್ಲ, ಒಂದೇ ಬೋರ್‌ಗೆ ಗಂಡ ಒಂದು ಆಳ ಹೇಳಿದರೆ ಹೆಂಡತಿ ಇನ್ನೊಂದು. ಎರಡನ್ನೂ ಬರೆದುಕೊಂಡೆ.

ಸುದ್ದಿ ನೀರು ನೋಡುವವರ ಕಿವಿಗೂ ಬಿತ್ತು. ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಾ ಆ ಪುಸ್ತಕವನ್ನು ಬಹಳ ಹೊತ್ತು ತಿರುವಿ ನೋಡಿದರು. ಹೊರಡುವಾಗ, "ಆಚೆ ಬೀದಿಯೋರು ಪಾಯಿಂಟ್ ಮಾಡಿಕೊಡಿ ಅಂತ ಕರೆದವ್ರೆ, ನಾಳೆ ಒಂದು ದಿನದ ಮಟ್ಟಿಗೆ ಇದನ್ನ ಕೊಟ್ಟಿರಿ ಸ್ವಾಮಿ" ಅಂದರು. ಕೊಟ್ಟೆ.

ಆ ಬೋರ್‌ಗೆ ನೀರು ಬಿದ್ದರೆ ಊರಿನವರು ಎಂದಿನ ಹಾಗೆ ಕಾಯಿಯನ್ನೇ ಹೊಗಳುತ್ತಾರೆ ಅಂತ ನಾನು ಚಿಕ್ಕಪ್ಪನ ಹತ್ತಿರ ಗೊಣಗಿದೆ. ಅವರು ಅಡಿಕೆ ಕತ್ತರಿಸುತ್ತಾ, "ಹೊಗಳಲಿ ಬಿಡೋ. ಪುಸ್ತಕ ವಾಪಸ್ ಇಸ್ಕೊಳ್ಳೋದು ಮರೀಬೇಡ. ಅದಕ್ಕೆ ಆ ಬೋರ್‌ದೂ ಬರೀಬೇಕು, ನೀರು ಬಿದ್ರೂ ಸರಿ, ಬೀಳ್ದಿದ್ರೂ ಸರಿ" ಅಂದರು.